ಕತ್ತಲ ಡಬ್ಬಿಯಲ್ಲಿ ಐಪ್ಟೇಸಿಯಾ: ಮಾರಿಸ್ ಯಂಗ್ ಮಾಡಿದ್ದನ್ನು ನಾನೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ಐಪ್ಟೇಸಿಯಾ ಅನ್ನುವ ಪುಟ್ಟ ಕಡಲ ಹೂವನ್ನು (ಹೂವಲ್ಲ, ಹವಳದ ನೆಂಟ ಪ್ರಾಣಿ) ಕತ್ತಲಲ್ಲಿ ಇಟ್ಟು, ಮೈಯೊಳಗಿನ ಪಾಚಿಗೆ ಬೆಳಕಿಲ್ಲದೆ ಹೋದರೆ ಅದು ಬದುಕುತ್ತದಾ ಅಂತ ನೋಡುತ್ತಿರೋದು ಇದು ಮೂರನೇ ಸಲ. ಮಾರಿಸ್ ಯಂಗ್ ಅನ್ನುವ ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ಹವಳದ ಮೇಲೆ ಮಾಡಿದ ಪ್ರಯೋಗ ಇದು. ಹಿಂದಿನ ಎರಡು ಸಲ ಕೆಟ್ಟು ಕೆರ ಹಿಡಿಯಿತು. "ಕತ್ತಲಲ್ಲಿ ಇಟ್ಟರೆ ಸಾಯ್ತವೆ ಕಣೋ, ಅದರಲ್ಲಿ ನೋಡೋಕೆ ಏನಿದೆ?" ಅಂದವರು ಉಪ್ಪುನೀರಿನ ಅಕ್ವೇರಿಯಂ ಇಟ್ಟಿರುವ ನಮ್ಮ ಗೆಳೆಯರಲ್ಲೇ ಕಮ್ಮಿ ಅಂದರೂ ಆರು ಜನ. ಒಬ್ಬನಂತೂ ಪ್ರತಿ ಭಾನುವಾರ ಫೋನ್ ಮಾಡಿ "ತಿಥಿ ಯಾವತ್ತು?" ಅಂತ ಕೇಳುತ್ತಿದ್ದ. ಈಗ ನಮ್ಮ ಸ್ಟೋರ್ ರೂಮಿನಲ್ಲಿ, ಉಪ್ಪಿನಕಾಯಿ ಭರಣಿಗಳ ಪಕ್ಕ, ಹನ್ನೊಂದು ಐಪ್ಟೇಸಿಯಾ ನೂರು ಚಿಲ್ಲರೆ ದಿನದಿಂದ ಕತ್ತಲಲ್ಲಿ ಬದುಕಿವೆ. ಹಾಲಿನ ಕೆನೆಯಷ್ಟು ಬೆಳ್ಳಗಾಗಿವೆ. ಹೊಟ್ಟೆ ತುಂಬಾ ತಿನ್ನುತ್ತಿವೆ. ಅದಕ್ಕೇ ಈ ಬರಹ.

ಐಪ್ಟೇಸಿಯಾ ಅಂದರೆ ಏನು ಅಂತ ಟ್ಯಾಂಕ್ ಇಟ್ಟವರಿಗೆ ಹೇಳಬೇಕಾಗಿಲ್ಲ. ಟ್ಯಾಂಕಿನಲ್ಲಿ ಒಂದು ಬಂದರೆ ಆರು ತಿಂಗಳಲ್ಲಿ ನೂರಾಗುವ ಪೀಡೆ. ನನ್ನದು ಬಂದದ್ದು ಗೆಳೆಯ ಕೊಟ್ಟ ಝೋಆಂಥಿಡ್ ಅನ್ನುವ ಹವಳದಂಥ ಪ್ರಾಣಿಯ ತುಂಡಿನ ಜೊತೆ, ಕರೆಯದ ನೆಂಟನ ಹಾಗೆ. ಎಲ್ಲರಂತೆ ನಾನೂ ಸಿರಿಂಜಿನಲ್ಲಿ ನಿಂಬೆರಸ ಚುಚ್ಚಿ ಕೊಲ್ಲುತ್ತಿದ್ದೆ. ಆಮೇಲೆ ಒಂದು ದಿನ ಹೊಳೆಯಿತು: ಹವಳದ ಮೈಯಲ್ಲಿ ಇರುವಂಥದೇ ಕಂದು ಬಣ್ಣದ ಸೂಕ್ಷ್ಮ ಪಾಚಿ ಇದರ ಮೈಯಲ್ಲೂ ಇದೆ. ಕಲ್ಲುಹವಳವನ್ನು ನಾವು ಮುಟ್ಟುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿಯ ಜೊತೆ. ಆದರೆ ಈ ಪೀಡೆಗೆ ಯಾವ ಕಾಯ್ದೆಯೂ ಇಲ್ಲ, ಬೆಲೆಯೂ ಇಲ್ಲ. ಹೊರದೇಶದ ದೊಡ್ಡ ದೊಡ್ಡ ಲ್ಯಾಬುಗಳೂ ಹವಳದ ಬದಲು ಇದನ್ನೇ ಸಾಕಿ ಕೆಲಸ ಮಾಡುತ್ತವೆ. ಹಾಗಾದರೆ ಮಾರಿಸ್ ಯಂಗ್ 1928ರಲ್ಲಿ ಮಾಡಿದ್ದನ್ನು ಬೆಂಗಳೂರಿನ ಸ್ಟೋರ್ ರೂಮಿನಲ್ಲಿ ಯಾಕೆ ಮಾಡಬಾರದು?

ಪಿಯು ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪ್ರಾಣಿಶಾಸ್ತ್ರ ಹೇಳಿಕೊಟ್ಟವನು ನಾನು. ಯಂಗ್ ಹೆಸರನ್ನು ಒಂದು ಸಲವೂ ಹೇಳಿರಲಿಲ್ಲ. ಪಠ್ಯದಲ್ಲಿ ಇರಲಿಲ್ಲ, ನಾನೂ ಹುಡುಕಲಿಲ್ಲ. ಕೆಲಸ ಬಿಟ್ಟ ಮೇಲೆ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಹವಳಸಾಲಿಗೆ ಯಂಗ್ ತಂಡ ಮಾಡಿದ ಯಾತ್ರೆಯ ಹಳೇ ವರದಿಗಳು ಕಣ್ಣಿಗೆ ಬಿದ್ದವು. ಬ್ರಿಟಿಷ್ ಮ್ಯೂಸಿಯಂ ಪ್ರಕಟಿಸಿದ್ದು. ಅದರಲ್ಲಿ ಯಂಗ್ ಮತ್ತು ಅವರ ತಂಡದ ನಿಕೋಲ್ಸ್ ಇಬ್ಬರೂ 1931ರಲ್ಲಿ ಬರೆದ ಒಂದು ಭಾಗವಿದೆ: ಬೆಳಕಿನಲ್ಲಿ ಉಪವಾಸ ಕೆಡವಿದರೆ ಹವಳಕ್ಕೆ ಏನಾಗುತ್ತದೆ, ಕತ್ತಲಲ್ಲಿ ಕೆಡವಿದರೆ ಏನಾಗುತ್ತದೆ. ಓದಿದ ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ಸರಳವಾದ ಪ್ರಯೋಗ! ಒಂದು ಬೆಳಕು ಹೋಗದ ಪೆಟ್ಟಿಗೆ, ಒಂದಿಷ್ಟು ಪಾತ್ರೆ, ತಾಳ್ಮೆ.

ತಾಳ್ಮೆಯೊಂದನ್ನು ಬಿಟ್ಟು ಉಳಿದದ್ದು ನನ್ನ ಹತ್ತಿರ ಇತ್ತು.

ಮೊದಲ ಸಲದ ಕಥೆ ಕೇಳಿ. ಮೀನಿನ ಅಂಗಡಿಯಿಂದ ಥರ್ಮೊಕೋಲ್ ಪೆಟ್ಟಿಗೆ ತಂದೆ, ಪುಕ್ಕಟೆ. ಒಳಗೂ ಹೊರಗೂ ಕಪ್ಪು ಬಣ್ಣ ಬಳಿದೆ. ಒಳಗಡೆ ನಾಲ್ಕು ಗಾಜಿನ ಬಾಟಲಿ, ಒಂದು ಏರ್ ಪಂಪ್. ಒಂಬತ್ತು ವಾರ ಕಾದೆ. ಬಣ್ಣ ಇಳಿಯಿತು, ಆದರೆ ಪೂರ್ತಿ ಇಳಿಯಲೇ ಇಲ್ಲ. ತಮಾಷೆ ಅಂದರೆ ಎಲ್ಲವೂ ಒಂದೇ ಕಡೆಗೆ ಬಾಗಿ ನಿಂತಿದ್ದವು. ದೇವರ ಕಡೆ ಕೈಮುಗಿದ ಹಾಗೆ. ಯಾವ ದೇವರು ಅಂತ ನೋಡಿದರೆ, ಪಂಪಿನ ತಲೆಯ ಮೇಲೆ ಸಾಸಿವೆ ಕಾಳಿನಷ್ಟು ಒಂದು ಎಲ್ಇಡಿ! ಪಂಪ್ ಓಡುತ್ತಿದೆ ಅಂತ ತೋರಿಸೋಕೆ ಇಟ್ಟ ದೀಪ. ಒಂಬತ್ತು ವಾರ ನಾನು ಕತ್ತಲು ಅಂದುಕೊಂಡಿದ್ದು ಅವಕ್ಕೆ ನಂದಾದೀಪವಾಗಿತ್ತು.

ಎರಡನೇ ಸಲ ಪಂಪ್ ಹೊರಗೆ ಹೋಯಿತು, ಟ್ಯೂಬ್ ಮಾತ್ರ ಒಳಗೆ. ಟ್ಯೂಬ್ ಹೋಗುವ ತೂತಿನಿಂದಲೂ ಬೆಳಕು ನುಗ್ಗುತ್ತದೆ, ಅಷ್ಟೇ ಅಲ್ಲ, ಪಾರದರ್ಶಕ ಟ್ಯೂಬೇ ಬೆಳಕನ್ನು ಒಳಗೆ ಹೊತ್ತೊಯ್ಯುತ್ತದೆ. ಇದನ್ನು ಹೇಗೆ ತಡೆದೆ ಅನ್ನೋದು ನನ್ನ ಗುಟ್ಟು. ಮೂರು ವಾರ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು, ಸುಮ್ನೆ ಕೊಡಲ್ಲ. ಮನೆಗೆ ಬನ್ನಿ, ತೋರಿಸುತ್ತೇನೆ. ಅದಿರಲಿ, ಎರಡನೇ ಸಲ ಬೆಳಕಿನ ಸಮಸ್ಯೆಯಲ್ಲ, ಸೆಕೆ. ಶುರು ಮಾಡಿದ್ದು ಮಾರ್ಚ್ ಕೊನೆಗೆ, ಅದೇ ತಪ್ಪು. ಏಪ್ರಿಲ್‌ನಲ್ಲಿ ಮುಚ್ಚಿದ ಪೆಟ್ಟಿಗೆಯ ನೀರು 31 ಡಿಗ್ರಿ ದಾಟಿತು. ಅದರ ಮೇಲೆ ನಾನು ಶಿವಮೊಗ್ಗಕ್ಕೆ ಮದುವೆಗೆ ಹೋದೆ. "ಎರಡು ಹನಿ ಹಾಕು ಸಾಕು" ಅಂತ ಅಕ್ಕನ ಮಗನಿಗೆ ಹೇಳಿ ಹೋಗಿದ್ದೆ. ಅವನಿಗೆ ಪಾಪ ಕನಿಕರ ಜಾಸ್ತಿ. ಒಂದು ಲೋಟ ಆರ್ಟೀಮಿಯಾ (ಅವುಗಳ ಊಟಕ್ಕೆ ಹಾಕುವ ಸಣ್ಣ ಸೀಗಡಿಯಂಥ ಹುಳ) ಸುರಿದುಬಿಟ್ಟಿದ್ದ. ಶನಿವಾರ ರಾತ್ರಿ ಕರೆಂಟೂ ಹೋಯಿತು. ಸೋಮವಾರ ಬಂದು ಮುಚ್ಚಳ ತೆಗೆದಾಗ ಬಂದ ವಾಸನೆಗೆ ನಮ್ಮ ಮನೆಯವರು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಲವತ್ತಕ್ಕೆ ನಲವತ್ತೂ ಹೋದವು. ಕೊಂದರೂ ಸಾಯದ ಪ್ರಾಣಿಯನ್ನು ಸಾಕಿ ಸಾಯಿಸಿದ ಖ್ಯಾತಿ ನನ್ನದು.

ಇಷ್ಟಾದಾಗ ಯಂಗ್ ಕಡೆ ನೋಡಿದರೆ ನಾಚಿಕೆಯಾಗುತ್ತಿತ್ತು. ಆ ಮನುಷ್ಯ ಆಸ್ಟ್ರೇಲಿಯಾದ ಪೋರ್ಟ್ ಡಗ್ಲಸ್ ಊರಿನಿಂದಾಚೆ ಲೋ ಐಲ್ಸ್ ಅನ್ನುವ ಚಿಕ್ಕ ದ್ವೀಪದಲ್ಲಿ ಕೂತು ಮಾಡಿದ್ದು. ಒಂದು ಮರಳ ದಿಬ್ಬ, ಅದರ ಮೇಲೊಂದು ದೀಪಸ್ತಂಭ, ಪಕ್ಕದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಇನ್ನೊಂದು ದಿಬ್ಬ. 1928ರ ಜುಲೈಯಿಂದ ಮುಂದಿನ ಜುಲೈವರೆಗೆ, ಸುಮಾರು ಒಂದು ವರ್ಷ. ಬೇಸಿಗೆಯ ಧಗೆಯಲ್ಲಿ ದಿಬ್ಬದ ಮೇಲೆ ಆಳವಿಲ್ಲದ ನೀರಿನಲ್ಲಿದ್ದ ಹವಳ ಬೆಂದು ಸಾಯುವುದನ್ನೂ ಅವರು ಅಲ್ಲೇ ನೋಡಿದರು. ಆಗ ಯಂಗ್‌ಗೆ 28 ವರ್ಷ. ಅಷ್ಟು ಚಿಕ್ಕವಯಸ್ಸಿನವನ ಕೈಗೆ ಇಡೀ ಯಾತ್ರೆಯ ನಾಯಕತ್ವ ಕೊಟ್ಟಿದ್ದರು. ಅದೂ ಅಲ್ಲಿಯವರೆಗೆ ಹವಳದ ಮೇಲೆ ಕೆಲಸ ಮಾಡದವನಿಗೆ!

ಹವಳದವನಲ್ಲ, ಸಿಂಪಿಯವನು, ಅಂದರೆ ಆಯ್ಸ್ಟರ್ ಅನ್ನುವ ಕಡಲ ಚಿಪ್ಪಿನ ಪ್ರಾಣಿಯನ್ನು ನೋಡಿದವನು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಹೆಡ್‌ಮಾಸ್ತರರ ಮಗನಾಗಿ 1899ರ ಡಿಸೆಂಬರಿನಲ್ಲಿ ಹುಟ್ಟಿದವರು. ಎಡಿನ್‌ಬರೋದಲ್ಲಿ ಅರಣ್ಯಶಾಸ್ತ್ರಕ್ಕೆ ಸೇರಿ, ಅದನ್ನು ಬಿಟ್ಟು ಪ್ರಾಣಿಶಾಸ್ತ್ರಕ್ಕೆ ಬಂದರು. ಆಮೇಲೆ ಪ್ಲಿಮತ್‌ನ ಸಾಗರ ಪ್ರಯೋಗಾಲಯದಲ್ಲಿ ಕೂತು ಸಿಂಪಿ ಹೇಗೆ ತಿನ್ನುತ್ತದೆ, ಏನು ಜೀರ್ಣಿಸುತ್ತದೆ ಅಂತ ನೋಡಿದರು. ಹೊಟ್ಟೆ, ಜಠರರಸ, ಕಣ ಯಾವ ದಾರಿಯಲ್ಲಿ ಬಾಯಿಗೆ ಹೋಯಿತು, ಇದೇ ಅವರ ಲೋಕ. ಅಲ್ಲಿಂದ ಕೇಂಬ್ರಿಡ್ಜ್. ಅಲ್ಲಿನ ಪ್ರಾಣಿಶಾಸ್ತ್ರದ ಪ್ರೊಫೆಸರ್ ಸ್ಟಾನ್ಲಿ ಗಾರ್ಡಿನರ್ ಹವಳದ ಹುಚ್ಚಿನವರು. 1899-1900ರಲ್ಲಿ ನಮ್ಮ ಮಿನಿಕಾಯ್, ಲಕ್ಷದ್ವೀಪ, ಮಾಲ್ಡೀವ್ಸ್ ಎಲ್ಲ ಸುತ್ತಿದ್ದವರು. (ಅಂದಹಾಗೆ ಲಕ್ಷದ್ವೀಪದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಹವಳದ ದಿಬ್ಬಗಳು ಮಂಗಳೂರಿನ ಕಲೆಕ್ಟರ ಕಡತದಲ್ಲಿದ್ದ ಕಾಲ. ಈ ವಿಷಯ ಹೇಳಿದರೆ ಕರಾವಳಿಯವರೇ ಎಷ್ಟೋ ಜನ ನಂಬಲ್ಲ.)

ಯಂಗ್ ಜೊತೆ ಹೋದವರ ಪಟ್ಟಿಯೂ ಚೆನ್ನಾಗಿದೆ. ಹೆಂಡತಿ ಮ್ಯಾಟಿ ಡಾಕ್ಟರು. ಹಿಂದಿನ ವರ್ಷವಷ್ಟೇ ಮದುವೆಯಾಗಿತ್ತು, ಯಾತ್ರೆಗೆ ವೈದ್ಯಾಧಿಕಾರಿಯಾಗಿ ಬಂದರು. ಶೀನಾ ಮಾರ್ಷಲ್, ಸಿಡ್ನಿ ಮ್ಯಾಂಟನ್, ಎಲಿಜಬೆತ್ ಫ್ರೇಸರ್, ಆನ್ ಸ್ಟೀಫನ್‌ಸನ್... ಆ ಕಾಲಕ್ಕೆ ಒಂದು ಸಮುದ್ರ ಯಾತ್ರೆಯಲ್ಲಿ ಇಷ್ಟು ಹೆಂಗಸರು ವಿಜ್ಞಾನ ಮಾಡಿದ್ದು ದೊಡ್ಡ ವಿಷಯ. ಅಡುಗೆಗೆ, ದೋಣಿಗೆ ಯಾರಬಾ ಅನ್ನುವ ಅಲ್ಲಿನ ಕ್ರೈಸ್ತ ಮಿಷನ್‌ನಿಂದ ಬಂದ ಮೂಲನಿವಾಸಿಗಳಿದ್ದರು. ನನಗೆ ಅಡುಗೆಯವರೂ ಇಲ್ಲ, ದೋಣಿಯೂ ಇಲ್ಲ. ಆದರೆ ಒಂದು ಫ್ರಿಜ್ ನನಗಿತ್ತು, ಆರ್ಟೀಮಿಯಾ ಮೊಟ್ಟೆಯ ಡಬ್ಬಿ ಇಡೋಕೆ.

ಮೂರನೇ ಸಲ ನವೆಂಬರ್ ಮೊದಲ ವಾರ ಶುರು ಮಾಡಿದೆ. ಚಳಿಗಾಲದಲ್ಲಿ ಸ್ಟೋರ್ ರೂಮಿನ ನೀರು 22ರಿಂದ 25 ಡಿಗ್ರಿ ಒಳಗೇ ಇತ್ತು. ಹೀಟರೂ ಬೇಡ, ಚಿಲ್ಲರೂ ಬೇಡ. ಬೆಂಗಳೂರಿನ ಹವೆಗೆ ಒಂದು ನಮಸ್ಕಾರ.

ಈ ಸಲ ಎಲ್ಲ ಪ್ರಾಣಿಯೂ ಒಂದೇ ತಾಯಿಯ ಮಕ್ಕಳು. ಒಂದು ದಪ್ಪ ಐಪ್ಟೇಸಿಯಾ ಆರಿಸಿ, ಅದರ ಪಾದದ ಅಂಚಿನಿಂದ ಉದುರಿದ ಚೂರುಗಳನ್ನೇ ಮೂರು ತಿಂಗಳು ಬೆಳೆಸಿದೆ. ಹಾಗಾಗಿ "ಆ ಬಾಟಲಿಯವು ಜಾತಿಯೇ ಗಟ್ಟಿ ಇರಬಹುದು" ಅನ್ನುವ ವಾದಕ್ಕೆ ಜಾಗವಿಲ್ಲ. ಎಲ್ಲವನ್ನೂ ಒಂದೇ ಅಳತೆಗೆ ತಂದದ್ದು ಹೇಗೆ ಅನ್ನೋದು ಎರಡನೇ ಗುಟ್ಟು, ಅದನ್ನೂ ಇಲ್ಲಿ ಬರೆಯಲ್ಲ. ಒಟ್ಟು 48. ನಾಲ್ಕು ಬಾಟಲಿಗೆ ಹನ್ನೆರಡು ಹನ್ನೆರಡು. ಒಂದಕ್ಕೆ ಬೆಳಕೂ ಇದೆ, ಊಟವೂ ಇದೆ. ಇನ್ನೊಂದಕ್ಕೆ ಬೆಳಕಿದೆ, ಊಟ ಇಲ್ಲ. ಮೂರನೆಯದು ಕತ್ತಲು, ಊಟ ಇದೆ. ನಾಲ್ಕನೆಯದು ಕತ್ತಲು, ಉಪವಾಸ. ಮನೆಯಲ್ಲಿ ಅಮ್ಮ ಅವಕ್ಕೆ ಹೆಸರಿಟ್ಟರು: ರಾಜ, ಸನ್ಯಾಸಿ, ಹೆಗ್ಗಣ, ಪ್ರೇತ. ಆಮೇಲೆ ನನ್ನ ನೋಟ್‌ಬುಕ್ಕಿನಲ್ಲೂ ಅದೇ ಹೆಸರು ಕೂತುಬಿಟ್ಟಿತು.

ಊಟ ವಾರಕ್ಕೆ ಎರಡು ಸಲ, ಆಗಷ್ಟೇ ಒಡೆದ ಆರ್ಟೀಮಿಯಾ ಮರಿ. ನಾಲ್ಕು ತಾಸಿನ ನಂತರ ನೀರು ಪೂರ್ತಿ ಬದಲು. ಇದರಲ್ಲಿ ಸೋಮಾರಿತನ ಮಾಡಬೇಡಿ. ಎರಡನೇ ಸಲ ನನ್ನನ್ನು ಕೊಂದದ್ದು ಇದೇ. ಉಪವಾಸದ ಬಾಟಲಿಗಳ ನೀರನ್ನೂ ಅದೇ ದಿನ ಬದಲಿಸಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ನೀರನ್ನು ಒಳ್ಳೆಯ ಬಟ್ಟೆಯಲ್ಲಿ ಸೋಸಿ ಹಾಕುತ್ತಿದ್ದೆ. ಮೊದಲು ಸೋಸುತ್ತಿರಲಿಲ್ಲ, ಟ್ಯಾಂಕಿನ ನೀರಿನ ಜೊತೆ ಸಣ್ಣ ಹುಳ ಹೋಗಿ ಸನ್ಯಾಸಿಗಳು ಕದ್ದು ತಿನ್ನುತ್ತಿದ್ದವು ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ಗೊತ್ತಾಯಿತು. ಅದಕ್ಕೇ ಮೊದಲ ಹತ್ತು ದಿನದ ಲೆಕ್ಕ ಬಿಟ್ಟು ಹೊಸದಾಗಿ ಎಣಿಸಿದೆ.

ಕತ್ತಲ ಬಾಟಲಿಗೆ ಊಟ ಹಾಕೋದು ರಾತ್ರಿ ಹನ್ನೊಂದರ ಮೇಲೆ, ಬಚ್ಚಲಮನೆಯಲ್ಲಿ, ಬಾಗಿಲ ಸಂದಿಗೆ ಟವೆಲ್ ತುರುಕಿ. ಟಾರ್ಚಿಗೆ ಕೆಂಪು ಗ್ಲಾಸ್ ಪೇಪರ್ ನಾಲ್ಕು ಪದರ ಸುತ್ತಿದ್ದೆ. "ಕೆಂಪು ಬೆಳಕನ್ನೂ ಪಾಚಿ ಬಳಸುತ್ತದಲ್ವಾ?" ಅಂತ ಕೇಳುವವರಿದ್ದಾರೆ. ಬಳಸುತ್ತದೆ. ಆದರೆ ವಾರಕ್ಕೆರಡು ಸಲ ಐದೈದು ನಿಮಿಷದ ಮಂಕು ಬೆಳಕಿನಲ್ಲಿ ಯಾರೂ ಸಂಸಾರ ನಡೆಸೋಕಾಗಲ್ಲ.

ದುಡ್ಡಿನ ವಿಷಯ. ಎಲ್ಲರೂ ಇದನ್ನೇ ಕೇಳುತ್ತೀರಿ. ಉಪ್ಪಿನ ಬಕೆಟ್ ಎರಡು, ಒಂದೊಂದು ಆರೂವರೆ ಸಾವಿರ. ಒಂದನ್ನು ಎರಡನೇ ಸಲದ ದುರಂತ ನುಂಗಿತು. ಹಳೇ ಸೂಕ್ಷ್ಮದರ್ಶಕ ಏಳು ಸಾವಿರ, ಅವೆನ್ಯೂ ರಸ್ತೆಯ ಹತ್ತಿರ ಚೌಕಾಸಿ ಮಾಡಿ ತಂದದ್ದು. ಆರ್ಟೀಮಿಯಾ ಮೊದಲು ಕಮ್ಮಿ ಬೆಲೆಯ ಪೊಟ್ಟಣ ತಂದೆ, ಒಂಬೈನೂರು. ನೂರಕ್ಕೆ ಹತ್ತೂ ಒಡೆಯಲಿಲ್ಲ. ಆಮೇಲೆ ಮೂರು ಸಾವಿರದ ಇನ್ನೂರು ಕೊಟ್ಟು ಸೀಲ್ ಇರುವ ಡಬ್ಬಿ ತಂದೆ. ಕರೆಂಟ್ ಹೋದಾಗ ಓಡುವ ಬ್ಯಾಟರಿ ಪಂಪ್ ಸಾವಿರದ ನೂರು. ಬಣ್ಣ, ಟೇಪು, ಬಾಟಲಿ ಚಿಲ್ಲರೆ. ಎಲ್ಲ ಸೇರಿ 26 ಸಾವಿರದ ಹತ್ತಿರ. ಬುದ್ಧಿ ಮೊದಲೇ ಇದ್ದಿದ್ದರೆ ಹದಿನೆಂಟು ಹತ್ತೊಂಬತ್ತರಲ್ಲಿ ಮುಗಿಯುತ್ತಿತ್ತು. ಮನೆಯಲ್ಲಿ ನಾನು ಹೇಳಿರುವ ಲೆಕ್ಕ ಬೇರೆ, ಅದನ್ನು ಇಲ್ಲಿ ಕೇಳಬೇಡಿ.

ಪಾಚಿ ಎಣಿಸೋಕೆ ರಕ್ತಕಣ ಎಣಿಸುವ ಗೆರೆಗಾಜನ್ನೇ ಬಳಸಿದೆ. ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುವ ಹಳೇ ಶಿಷ್ಯ ತಂದುಕೊಟ್ಟ. ಬಾಟಲಿಗೆ ಎರಡು ಪ್ರಾಣಿಯಿಂದ ಒಂದೊಂದು ಟೆಂಟಕಲ್ (ಬಾಯಿ ಸುತ್ತ ಇರುವ ಎಳೆಯಂಥ ತೋಳು) ಕತ್ತರಿಸಿ, ಒಂದೇ ಅಳತೆಯ ನೀರಿನಲ್ಲಿ ಅರೆದು, ಎಣಿಸೋದು. ಕತ್ತರಿಸಿದ ಟೆಂಟಕಲ್ ವಾರದಲ್ಲಿ ಮತ್ತೆ ಬರುತ್ತದೆ, ಪಾಪ ಅಂದುಕೊಳ್ಳಬೇಡಿ. ಶುರುವಿನಲ್ಲಿ ಒಂದು ಚೌಕದಲ್ಲಿ ನಲವತ್ತು ಐವತ್ತು ಕಂದು ಗುಂಡುಗಳು ಸಿಗುತ್ತಿದ್ದವು. ಹೆಗ್ಗಣದ ಬಾಟಲಿಯಲ್ಲಿ ಐದನೇ ವಾರಕ್ಕೆ ಅದು ಹದಿನೈದು, ಹನ್ನೊಂದನೇ ವಾರಕ್ಕೆ ಹುಡುಕಿದರೆ ಒಂದೋ ಎರಡೋ.

ಮೊದಲ ವಾರವೇ ಕಂಡ ಇನ್ನೊಂದು ವಿಷಯ ನನಗೆ ಖುಷಿ ಕೊಟ್ಟಿತು. ಕತ್ತಲ ಬಾಟಲಿಗಳ ತಳದಲ್ಲಿ ಕಂದು ಚುಕ್ಕಿಗಳು, ರಾಗಿ ಹಿಟ್ಟು ಉದುರಿದ ಹಾಗೆ. ಗಾಜಿನ ಮೇಲೆ ಇಟ್ಟು ನೋಡಿದರೆ ಪಾಚಿಯ ಉಂಡೆ. ಯಂಗ್ ಮತ್ತು ನಿಕೋಲ್ಸ್ ಬರೆದದ್ದೂ ಇದನ್ನೇ: ಹವಳ ಪಾಚಿಯನ್ನು ಒಳಗೇ ಒಟ್ಟುಮಾಡಿ ಬಾಯಿಂದ ಹೊರಹಾಕುತ್ತದೆ. ಸುಮಾರು ನೂರು ವರ್ಷದ ಹಿಂದೆ ಎಲ್ಲೋ ದ್ವೀಪದಲ್ಲಿ ಅವರು ಕಂಡದ್ದನ್ನು ನಾನು ಉಪ್ಪಿನಕಾಯಿ ಭರಣಿ ಪಕ್ಕ ಕಂಡೆ. ಅವತ್ತು ಎಲ್ಲರಿಗೂ ಫೋನ್ ಮಾಡಿದೆ. ಒಬ್ಬನೂ ಉತ್ಸಾಹ ತೋರಿಸಲಿಲ್ಲ.

ಈಗ ತೊಂಬತ್ತನೇ ದಿನದ ಲೆಕ್ಕ. ರಾಜರು ಮರಿ ಹಾಕಿ ಮೂವತ್ತು ದಾಟಿದ್ದರು. ಹೆಗ್ಗಣಗಳಲ್ಲಿ ಹನ್ನೊಂದು ಉಳಿದವು, ಒಂದು ಗಾಜು ಉಜ್ಜುವಾಗ ನನ್ನ ಕೈಯಲ್ಲೇ ಹರಿಯಿತು. ಬೆಳ್ಳಗೆ, ಗಟ್ಟಿಮುಟ್ಟು. ಸನ್ಯಾಸಿಗಳು ಹನ್ನೆರಡರಲ್ಲಿ ಹತ್ತು. ಗಾತ್ರ ಅರ್ಧಕ್ಕಿಳಿದಿತ್ತು, ಬಣ್ಣ ಸ್ವಲ್ಪ ತಿಳಿಯಾಗಿತ್ತು, ಆದರೂ ಕಂದೇ. ಪ್ರೇತಗಳು ಹೆಸರಿಗೆ ತಕ್ಕ ಹಾಗೆ ಆದವು. ಎಪ್ಪತ್ತನೇ ದಿನಕ್ಕೆ ಮೂರು ಉಳಿದಿದ್ದವು, ಸಾಸಿವೆಯಷ್ಟು. ತೊಂಬತ್ತಕ್ಕೆ ಒಂದೂ ಇಲ್ಲ.

ಇದನ್ನು ಬರೆದಿಟ್ಟ ರಾತ್ರಿ ನನಗೆ ತಲೆಬಿಸಿ. ಯಾಕೆಂದರೆ ಯಂಗ್ ಇದೇ ಥರದ ಪ್ರಯೋಗ ಮಾಡಿ ಬೇರೆ ಮಾತು ಹೇಳಿದ್ದರು. ಅವರ ಹವಳಗಳು ಬೆಳಕಿನಲ್ಲೇ ಉಪವಾಸ ಬಿದ್ದಾಗಲೂ ಪಾಚಿಯನ್ನು ಹೊರಹಾಕಿದವು. ಕತ್ತಲಲ್ಲಿ ಪಾಚಿ ಕಳಕೊಂಡವು ಊಟ ಇದ್ದರೆ ಬದುಕಿದವು. ಹವಳದ ಹೊಟ್ಟೆಯಲ್ಲಿ ಜೀರ್ಣವಾಗೋದು ಪ್ರಾಣಿ ಆಹಾರ ಮಾತ್ರ, ಪಾಚಿಯನ್ನು ಅದು ಜೀರ್ಣಿಸಿಕೊಳ್ಳೋದಿಲ್ಲ. ಹಾಗಾಗಿ ಹವಳ ಪೂರ್ತಿ ಮಾಂಸಾಹಾರಿ, ಪಾಚಿ ಅದಕ್ಕೆ ಊಟ ಹಾಕುವುದಿಲ್ಲ, ಕೊಳೆ ತೆಗೆಯುವ ಕೆಲಸದ ಆಳು ಮಾತ್ರ ಅಂತ ತೀರ್ಮಾನಿಸಿದರು. ಆ ಮಾತನ್ನು ದಶಕಗಟ್ಟಲೆ ಜನ ನಂಬಿದರು. ನನ್ನ ಸನ್ಯಾಸಿಗಳು ಮಾತ್ರ ಮೂರು ತಿಂಗಳು ಏನೂ ತಿನ್ನದೆ ನನ್ನ ಮುಖ ನೋಡುತ್ತಿದ್ದವು.

ಬೆಳಿಗ್ಗೆ ಕಾಫಿ ಕುಡಿಯುವಾಗ ಅಮ್ಮನಿಗೆ ಹೇಳಿದೆ. ಹೀಗಮ್ಮ, ಆ ದೊಡ್ಡ ಮನುಷ್ಯ ಹವಳದ ಹೊಟ್ಟೆ ಸೀಳಿ ನೋಡಿದ, ಪಾಚಿ ತಿಂದ ಗುರುತೇ ಇರಲಿಲ್ಲ, ಅದಕ್ಕೆ ಪಾಚಿಯಿಂದ ಅದು ಬದುಕೋದಿಲ್ಲ ಅಂದ. ಅಮ್ಮ ತೀರ್ಥಹಳ್ಳಿ ಕಡೆಯವರು, ಕೊಟ್ಟಿಗೆಯಲ್ಲೇ ಬೆಳೆದವರು. ಲೋಟ ಕೆಳಗಿಡದೆ ಕೇಳಿದರು: "ಹಸುವನ್ನ ತಿಂದಿಲ್ಲ ಅಂದ್ರೆ ಹಾಲೂ ಕುಡಿದಿಲ್ಲ ಅಂತಾನಾ?"

ನಾನು ಇಪ್ಪತ್ತು ವರ್ಷ ಪಾಠ ಮಾಡಿದ್ದು ದಂಡ.

ಅದೇ ಆಗಿದ್ದು. ಪಾಚಿ ಬೆಳಕಿನಲ್ಲಿ ಮಾಡಿದ ಆಹಾರದ ಒಂದು ಭಾಗ ಸದ್ದಿಲ್ಲದೆ ಪ್ರಾಣಿಯ ಮೈಗೆ ಸೋರುತ್ತದೆ. ಹೊಟ್ಟೆಯ ದಾರಿಯಲ್ಲಿ ಹೋಗೋದೇ ಇಲ್ಲ. ಸಿಂಪಿಯ ಹೊಟ್ಟೆ ನೋಡಿ ಪಳಗಿದ ಕಣ್ಣು ಹವಳದಲ್ಲೂ ಹೊಟ್ಟೆಯನ್ನೇ ನೋಡಿತು. ಯಂಗ್ ನೋಡಿದ್ದರಲ್ಲಿ ತಪ್ಪಿಲ್ಲ, ನೋಡಿದ ಜಾಗ ಬೇರೆ. ಆ ಸೋರಿಕೆ ನೋಡೋಕೆ ಬೇಕಾದ ಸಾಧನ ಅವರ ಕಾಲಕ್ಕೆ ಇರಲೂ ಇಲ್ಲ. 1958ರಲ್ಲಿ ಮಸ್ಕಟೈನ್ ಮತ್ತು ಹ್ಯಾಂಡ್ ಅನ್ನುವವರು ಜಾಡು ಹಿಡಿಯೋಕೆ ವಿಕಿರಣ ಸೂಸುವ ಇಂಗಾಲ ಕೊಟ್ಟು, ಅದು ಪಾಚಿಯಿಂದ ಪ್ರಾಣಿಯ ಮೈಗೆ ಹೋದದ್ದನ್ನು ತೋರಿಸಿದರು. ಯಾವ ಪ್ರಾಣಿ ಗೊತ್ತಾ? ಕಡಲ ಹೂವು. ನಮ್ಮ ಐಪ್ಟೇಸಿಯಾದ ನೆಂಟ! ಮುಂದಿನ ವರ್ಷ ಜಮೈಕಾದಲ್ಲಿ ಥಾಮಸ್ ಗೋರೋ ಅನ್ನುವವರು ವಿಕಿರಣ ಸೂಸುವ ಕ್ಯಾಲ್ಸಿಯಂ ಬಳಸಿ, ಹವಳ ಬೆಳಕಿನಲ್ಲಿ ಕತ್ತಲಿಗಿಂತ ಎಷ್ಟೋ ಪಟ್ಟು ವೇಗವಾಗಿ ಗೂಡು ಕಟ್ಟುತ್ತದೆ ಅಂತ ತೋರಿಸಿದರು.

ಇಷ್ಟೇ ಆಗಿದ್ದರೆ ಯಂಗ್ ಮೇಲೆ ನನಗೆ ಅಷ್ಟು ಪ್ರೀತಿ ಹುಟ್ಟುತ್ತಿರಲಿಲ್ಲ. ಅವರ ಮುಂದಿನ ಬದುಕು ಓದಿ. ಬ್ರಿಸ್ಟಲ್‌ನಲ್ಲಿ 1933ರಿಂದ, ಗ್ಲಾಸ್ಗೋದಲ್ಲಿ 1944ರಿಂದ 64ರವರೆಗೆ ಪ್ರೊಫೆಸರ್. ಮ್ಯಾಟಿ 1945ರಲ್ಲಿ ತೀರಿಕೊಂಡರು. 1967ರಲ್ಲಿ ಸರ್ ಪದವಿ ಬಂತು. ನಡುವೆ ಅವರು ಬಿಡದೆ ಹಿಡಿದದ್ದು ರಾಕ್ಷಸ ಚಿಪ್ಪು, ಟ್ರೈಡಾಕ್ನಾ. ಅದರ ಮೈಯಲ್ಲೂ ಇದೇ ಥರದ ಪಾಚಿ. 1936ರಲ್ಲಿ ಅವರು, ಈ ಚಿಪ್ಪು ಪಾಚಿಯನ್ನು ತನ್ನ ಮೈಯಲ್ಲಿ ಬೇಸಾಯ ಮಾಡಿ ಜೀರ್ಣಿಸಿಕೊಳ್ಳುತ್ತದೆ ಅಂತ ಬರೆದಿದ್ದರು. 1973ರಲ್ಲಿ ಅದೇ ಚಿಪ್ಪಿನ ಬಗ್ಗೆ ಇನ್ನೊಂದು ಲೇಖನ ಬಂತು. ಪಾಚಿ ಬೆಳಕಿನಲ್ಲಿ ಮಾಡಿದ ಆಹಾರ ಚಿಪ್ಪಿನ ಮೈಗೆ ಹೋಗುತ್ತದೆ ಅಂತ ಅದರಲ್ಲಿ ತೋರಿಸಿದ್ದರು. ಬರೆದವರು ಗೋರೋ, ಇನ್ನೊಬ್ಬರು ಗೋರೋ, ಮತ್ತು ಯಂಗ್. ಥಾಮಸ್ ಗೋರೋ 1970ರಲ್ಲೇ ತೀರಿಕೊಂಡಿದ್ದರು. ಯಂಗ್ ಎಪ್ಪತ್ತಮೂರರ ವಯಸ್ಸಿನಲ್ಲಿ, ತಾನು ಇಲ್ಲ ಅಂದ ವಿಷಯವನ್ನು ಇದೆ ಅಂತ ತೋರಿಸುವ ಲೇಖನಕ್ಕೆ ತನ್ನ ಹೆಸರು ಹಾಕೋದು! ನಮ್ಮ ಕಡೆ ಮಾಸ್ತರು ಬೋರ್ಡಿನ ಮೇಲೆ ತಪ್ಪು ಬರೆದರೆ ಡಸ್ಟರ್ ಹುಡುಕೋಕೇ ಅರ್ಧ ತಾಸು ಬೇಕು. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಪಕ್ಕದಲ್ಲಿ ಮಾಡಿದ ಒಂದೆರಡು ಪ್ರಯೋಗ ಹೇಳಿಬಿಡುತ್ತೇನೆ. ಕತ್ತಲಿನ ದಾರಿ ನಿಧಾನ, ಬೇಗ ಬಿಳಿ ಮಾಡೋಕೆ ಮೆಂಥಾಲ್ ಬಳಸುತ್ತಾರೆ ಅಂತ ಓದಿದ್ದೆ. ಗ್ರಂಧಿಗೆ ಅಂಗಡಿಯಿಂದ ಹರಳು ತಂದೆ, ಐವತ್ತು ರೂಪಾಯಿಗೆ. ಮೊದಲ ಸಲ ಅಳತೆ ಜಾಸ್ತಿಯಾಗಿ ಎಂಟೂ ಕರಗಿ ಲೋಳೆಯಾದವು, ಸ್ಟೋರ್ ರೂಮ್ ಮಾತ್ರ ನೆಗಡಿ ಬಾಮ್ ವಾಸನೆ. ಎರಡನೇ ಸಲ ಕಮ್ಮಿ ಹಾಕಿ, ರಾತ್ರಿ ಇಟ್ಟು ಹಗಲು ತೆಗೆದು, ಮೂರ್ನಾಲ್ಕು ವಾರದಲ್ಲಿ ಬಿಳಿ ಮಾಡಿದೆ. ಕೆಲಸ ಮಾಡುತ್ತದೆ, ಆದರೆ ಯಾಕೋ ನನಗೆ ಮೋಸ ಅನ್ನಿಸಿತು. ಝೋಆಂಥಿಡ್ ಮೇಲೂ ಕತ್ತಲು ಪ್ರಯತ್ನಿಸಿದೆ, ಅದು ಮುಚ್ಚಿಕೊಂಡು ಮುನಿಸಿಕೊಂಡಿತು. ಗೆಳೆಯ ಕೊಟ್ಟಿದ್ದು, ಬಿಟ್ಟುಬಿಟ್ಟೆ.

ಬಿಸಿಯನ್ನೂ ನೋಡಿದೆ. ರಾಜರ ಬಾಟಲಿಯ ಆರು ಮರಿಗಳನ್ನು ಬೇರೆ ಮಾಡಿ, ಹೀಟರ್ ಹಾಕಿ 33 ಡಿಗ್ರಿಯಲ್ಲಿ ಇಟ್ಟೆ. ಬೆಳಕು ಇದೆ, ಊಟ ಇದೆ, ಏನೂ ಕೊರತೆಯಿಲ್ಲ. ಹನ್ನೆರಡನೇ ದಿನಕ್ಕೆ ತಳದಲ್ಲಿ ಅದೇ ರಾಗಿ ಹಿಟ್ಟು, ಮೈ ಮಾಸಲು. ಕತ್ತಲಲ್ಲಿ ಹನ್ನೊಂದು ವಾರ ತಗೊಂಡ ಕೆಲಸವನ್ನು ಬಿಸಿ ಎರಡು ವಾರದಲ್ಲಿ ಅರ್ಧ ಮುಗಿಸಿತ್ತು. ಯಂಗ್ ಮತ್ತು ನಿಕೋಲ್ಸ್ ಬಿಸಿನೀರಿನಲ್ಲಿ ಹವಳ ಪಾಚಿ ಬಿಡುವುದನ್ನೂ ಬರೆದಿಟ್ಟಿದ್ದರು. ಆಗ ಅದು ಪ್ರಯೋಗದ ಪಾತ್ರೆಯ ಮಾತು. 1998ರಲ್ಲಿ ನಮ್ಮ ಲಕ್ಷದ್ವೀಪದ ಹವಳ ಬೆಳ್ಳಗಾದದ್ದು ಪಾತ್ರೆಯಲ್ಲಲ್ಲ. ಲೋ ಐಲ್ಸ್‌ಗೂ ಮತ್ತೆ ಹೋಗಿ, ಹಳೇ ಯಾತ್ರೆಯವರು ಅಳೆದ ಜಾಗಗಳನ್ನೇ ಅಳೆದು, 2019ರಲ್ಲಿ ಒಂದು ವರದಿ ಪ್ರಕಟಿಸಿದ್ದಾರೆ. ತೊಂಬತ್ತು ವರ್ಷದಲ್ಲಿ ಹವಳ ಬಹಳ ಸೊರಗಿದೆ ಅಂತ ಅದರಲ್ಲಿದೆ. ಅಷ್ಟು ಖಚಿತವಾಗಿ ಹೇಳೋಕೆ ಸಾಧ್ಯವಾದದ್ದು ಯಾಕೆ? ಆ ಯಾತ್ರೆಯ ಸ್ಪೆಂಡರ್ ಅಂಥವರು 1928-29ರಲ್ಲಿ ಇಂಚಿಂಚು ನಕ್ಷೆ ಮಾಡಿದ್ದರು, ಮ್ಯಾಂಟನ್ ಹವಳದ ತುಂಡು ತುಂಡನ್ನೂ ಬರೆದುಕೊಂಡಿದ್ದರು. ತಲೆಗೆ ಹಂಡೆಯಂಥ ಹೆಲ್ಮೆಟ್ ಹಾಕಿಕೊಂಡು ನೀರಿಗಿಳಿಯುತ್ತಿದ್ದ ಕಾಲ ಅದು. ನನ್ನ ಆರು ಮರಿಗಳನ್ನು ಹದಿನಾಲ್ಕನೇ ದಿನ ತಂಪಿಗೆ ತಂದೆ. ನಾಲ್ಕು ಉಳಿದವು.

ಕೊನೆಗೆ ಒಂದನ್ನು ಮಾಡದೆ ಇರೋಕಾಗಲಿಲ್ಲ. ಹನ್ನೊಂದು ಬಿಳಿ ಹೆಗ್ಗಣಗಳಲ್ಲಿ ಮೂರನ್ನು ಬೆಳಕಿಗೆ ತಂದು, ಅವಕ್ಕೆ ಮತ್ತೆ ಪಾಚಿ ಕೊಟ್ಟು ನೋಡಿದೆ. (ಅದಕ್ಕೇ ಕತ್ತಲಲ್ಲಿ ಹನ್ನೊಂದು ಅಂತ ಮೊದಲು ಹೇಳಿದ್ದು ಈಗ ಎಂಟು. ಈ ಬರಹ ಶುರು ಮಾಡಿ ಮುಗಿಸೋಕೆ ನನಗೆ ಹದಿನೈದು ದಿನ ಹಿಡಿಯಿತು.) ಒಂದು ರಾಜನ ಮೂರು ಟೆಂಟಕಲ್ ಅರೆದು, ಆರ್ಟೀಮಿಯಾ ಜೊತೆ ಕಲಸಿ ತಿನ್ನಿಸಿದೆ. ಬರೀ ಪಾಚಿ ಕೊಟ್ಟರೆ ಉಗಿದುಬಿಡುತ್ತವೆ, ಮಕ್ಕಳಿಗೆ ಮಾತ್ರೆಯನ್ನು ಬಾಳೆಹಣ್ಣಿನಲ್ಲಿ ಕೊಟ್ಟ ಹಾಗೆ ಕೊಡಬೇಕು. ಒಂಬತ್ತನೇ ದಿನ ಸೂಕ್ಷ್ಮದರ್ಶಕದ ಕೆಳಗೆ, ಗಾಜಿನಂತಿದ್ದ ಟೆಂಟಕಲ್ ಒಳಗೆ, ಮೂರು ಕಂದು ಚುಕ್ಕಿ ಕಂಡವು. ಮರುದಿನ ಏಳು. ಈಗ ಬರಿಗಣ್ಣಿಗೇ ಬಣ್ಣ ಕಾಣುತ್ತದೆ.

ಆ ಭಾನುವಾರ ತಿಥಿಯವನ ಫೋನ್ ಬಂತು. ಬಂದು ನೋಡು ಅಂದೆ. ಬಂದ. ಬಚ್ಚಲಮನೆಯಲ್ಲಿ ಟವೆಲ್ ತುರುಕಿ, ಕೆಂಪು ಟಾರ್ಚ್ ಹಿಡಿದು ತೋರಿಸಿದೆ. ಹತ್ತು ನಿಮಿಷ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ನಾಲ್ಕು ಬಿಳೀದು ಕೊಡ್ತೀಯಾ?" ಅಂದ. ಅವನ ಟ್ಯಾಂಕಿನಲ್ಲಿ ಕಂದು ಐಪ್ಟೇಸಿಯಾ ನೂರಾರಿವೆ, ಹೋದ ತಿಂಗಳೂ ನಿಂಬೆರಸ ಚುಚ್ಚುತ್ತಿದ್ದ. ಎರಡು ಕೊಟ್ಟೆ. ಬಾಟಲಿಗೆ ನೂರು ರೂಪಾಯಿ ತಗೊಂಡೆ.